ಶಾಲು ತಿರುವಿ ನೋಡಿ: ನೀಲಗಿರಿಯಲ್ಲಿ ನಾನು ಕಲಿತ ಶಾಪಿಂಗ್ ಪಾಠ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೂತಿರ್ತೀರಿ ಅಂದ್ಕೋತೀನಿ. ಇವತ್ತು ನಿಮಗೆ ಎರಡು ಶಾಲುಗಳ ಕಥೆ ಹೇಳ್ತೀನಿ. ಎರಡನ್ನೂ ನಾನು ನೀಲಗಿರಿ ಬೆಟ್ಟದಲ್ಲೇ ತಗೊಂಡಿದ್ದು. ಮೊದಲನೆಯದಕ್ಕೆ 650 ರೂಪಾಯಿ ಕೊಟ್ಟೆ, ಎರಡನೆಯದಕ್ಕೆ 3,500. ಇವೆರಡರಲ್ಲಿ ಯಾವುದು ದುಬಾರಿ ಆಯ್ತು ಅನ್ನೋದನ್ನ ಕೊನೆಗೆ ನೀವೇ ಹೇಳಿ.

ಮೊದಲನೇ ಸಲ ಹೋಗಿದ್ದು ಆಫೀಸಿನ ಗ್ಯಾಂಗ್ ಜೊತೆ. ನಿಮಗೆಲ್ಲ ಗೊತ್ತಿರೋ ಟ್ರಿಪ್ಪೇ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು, ಮೈಸೂರಲ್ಲಿ ಒಂದಿಷ್ಟು ನಿದ್ದೆ ಮಾಡಿ, ಬೆಳಿಗ್ಗೆ ಬಂಡೀಪುರ ದಾಟಿ, ಗೂಡಲೂರಿಂದ ಘಾಟಿ ಹತ್ತಿ ಊಟಿ. ಬೊಟಾನಿಕಲ್ ಗಾರ್ಡನ್ ನೋಡಿದ್ವಿ, ದೊಡ್ಡಬೆಟ್ಟ ನೋಡಿದ್ವಿ. ಅಂದಹಾಗೆ, 2,637 ಮೀಟರ್ ಎತ್ತರದ ಆ ಶಿಖರದ ಹೆಸರು ನಮ್ಮ ಕಿವಿಗೆ ಅಚ್ಚ ಕನ್ನಡವೇ. ಅಲ್ಲಿನ ಬಡಗರ ಮಾತು ಕನ್ನಡಕ್ಕೆ ಅಷ್ಟು ಹತ್ತಿರ.

ಸಂಜೆ ಶಾಪಿಂಗ್. ಟೀ ಪುಡಿ, ವರ್ಕಿ, ಹೋಂ ಮೇಡ್ ಚಾಕೊಲೇಟ್, ನೀಲಗಿರಿ ಎಣ್ಣೆ, ಎಲ್ಲ ಆಯ್ತು. ಕೊನೆಗೆ ಒಂದು ಶಾಲಿನ ಅಂಗಡಿ. ಹೊರಗಡೆ ಬಿಳಿ ಬಟ್ಟೆ ಮೇಲೆ ಕೆಂಪು, ಕಪ್ಪು ಪಟ್ಟೆ, ಮಧ್ಯೆ ಮಧ್ಯೆ ಚೌಕ, ಮೂಲೆ ಮೂಲೆ ವಿನ್ಯಾಸ ಇರೋ ಶಾಲುಗಳನ್ನ ಸಾಲಾಗಿ ನೇತು ಹಾಕಿದ್ರು. ಅಂಗಡಿಯವರು ಹೇಳಿದ್ದು ಇಷ್ಟೇ: "ಒರಿಜಿನಲ್ ತೋಡ ಶಾಲು ಮೇಡಂ, ಟ್ರೈಬಲ್ ಹ್ಯಾಂಡ್‌ವರ್ಕ್." 1,200 ಅಂದ್ರು. ನಾನು 500 ಅಂದೆ. ಎರಡು ಸಲ ಹೊರಗೆ ಹೋಗೋ ಹಾಗೆ ನಾಟಕ ಮಾಡಿದೆ. ಕೊನೆಗೆ 650ಕ್ಕೆ ಬಂತು. ನಮ್ಮ ಗ್ಯಾಂಗಲ್ಲಿ ಆವತ್ತು ನಾನೇ ಹೀರೋ. ಇನ್‌ಸ್ಟಾಗ್ರಾಂನಲ್ಲಿ ಸ್ಟೋರಿ ಬೇರೆ ಹಾಕಿದೆ, "ಅರ್ಧ ರೇಟಿಗೆ ಹೊಡ್ಕೊಂಡೆ" ಅಂತ.

ಆ ಶಾಲನ್ನ ನಾನು ತಗೊಂಡಿದ್ದು ನಮ್ಮ ಆಯಿಗೆ. ಆಯಿ ಅಂದ್ರೆ ನಮ್ಮ ಕಡೆ ಅಜ್ಜಿ. ನಮ್ಮದು ಧಾರವಾಡ. ಆಯಿಗೆ ಈಗ 82 ವರ್ಷ. ಕಣ್ಣು ಮಂಜಾಗಿದೆ, ಆದರೆ ಬೆರಳು ಮಂಜಾಗಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಶಾಲನ್ನ ಅವಳ ತೊಡೆ ಮೇಲೆ ಇಟ್ಟೆ. ಖುಷಿಯಾಯ್ತು ಅವಳಿಗೆ. ಬಟ್ಟೆ ಮೇಲೆ ನಿಧಾನಕ್ಕೆ ಕೈಯಾಡಿಸಿದಳು. ಆಮೇಲೆ ಏನೂ ಮಾತಾಡದೆ ಶಾಲನ್ನ ತಿರುವಿ ಹಾಕಿದಳು. ಹಿಂಬದಿ ಮೇಲೆ ಉಗುರಿಂದ ಒಂದು ಸಲ ಕೆರೆದಳು.

"ಎಷ್ಟ್ ಕೊಟ್ಟಿ ತಂಗಿ?"

"ಆರನೂರಾ ಐವತ್ತು, ಆಯಿ."

"ಚೊಲೊ ಆತು. ಬೆಚ್ಚಗ ಐತಿ. ಆದ್ರ ಇದು ಕೈಲೆ ಮಾಡಿದ್ದಲ್ಲ, ಮಷೀನ್ದು."

ನನಗೆ ನಂಬಿಕೆ ಬರಲಿಲ್ಲ. ಅಂಗಡಿಯವರೇ ಹೇಳಿದ್ದಾರಲ್ಲ ಅಂತ ವಾದ ಮಾಡಿದೆ. ಆಯಿ ನನ್ನ ಕೈ ಹಿಡಿದು ಬೆರಳನ್ನ ಆ ಹಿಂಬದಿ ಮೇಲೆ ಇಟ್ಟಳು. ಮುಂದೆ ಕೆಂಪು, ಕಪ್ಪು ದಾರ. ಹಿಂದೆ ನೋಡಿದ್ರೆ ಬರೀ ಬಿಳಿ ದಾರ, ಒಂದೇ ಅಳತೆಯಲ್ಲಿ ಒತ್ತೊತ್ತಾಗಿ. ಅದು ಮಷೀನಿನ ಬಾಬಿನ್ ದಾರ. ಕೆಲವು ಕಡೆ ಹೊಲಿಗೆಯ ಕೆಳಗೆ ಪೇಪರಿನಂಥದ್ದು ಇನ್ನೂ ಅಂಟಿಕೊಂಡೇ ಇತ್ತು. ಎಂಬ್ರಾಯ್ಡರಿ ಮಷೀನಿಗೆ ಹಾಕುವಾಗ ಬಟ್ಟೆ ಬಿಗಿಯಾಗಿ ನಿಲ್ಲಲಿ ಅಂತ ಅದನ್ನ ಹಿಂದೆ ಇಡ್ತಾರೆ. ನಾನು ಆ ಶಾಲಿನ ಹತ್ತು ಫೋಟೋ ತೆಗೆದಿದ್ದೆ. ಒಂದು ಸಲವೂ ತಿರುವಿ ನೋಡಿರಲಿಲ್ಲ.

ಆಯಿಗೆ ಇದು ಹೇಗೆ ಗೊತ್ತಾಯ್ತು ಅಂದ್ರೆ, ಅವಳು ಕಸೂತಿ ಹಾಕ್ತಿದ್ದಳು. ನಮ್ಮ ಧಾರವಾಡದ ಕಸೂತಿ, ಇಳಕಲ್ ಸೀರೆ ಮೇಲೆ ತೇರು, ಗೋಪುರ, ಆನೆ, ನವಿಲು ಮೂಡಿಸ್ತಾರಲ್ಲ, ಅದು. ಅದರಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಯ್ಗೆ, ಮೆಂತಿ. ಬಟ್ಟೆ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳೋ ಹಾಗಿಲ್ಲ, ಗಂಟು ಹಾಕೋ ಹಾಗಿಲ್ಲ. ಸೀರೆಯ ಎಳೆ ಎಣಿಸಿ ಎಣಿಸಿಯೇ ಹಾಕಬೇಕು. ಗವಂತಿ, ಮುರ್ಗಿ ಹಾಕಿದ್ರೆ ಮುಂದೆ ಹೇಗೆ ಕಾಣುತ್ತೋ ಹಿಂದೆಯೂ ಹಾಗೇ ಕಾಣಬೇಕು. ಹಾಗಾಗಿ ಕಸೂತಿ ಹಾಕೋ ಹೆಂಗಸರು ಯಾವ ಕೆಲಸ ನೋಡಿದ್ರೂ ಮೊದಲು ತಿರುವಿ ಹಿಂಬದಿ ನೋಡ್ತಾರೆ. ಅದು ಅವರ ಅಭ್ಯಾಸ.

ಇಷ್ಟು ವರ್ಷ ಅವಳ ಜೊತೆ ಇದ್ದೂ ನಾನು ಕೇಳಿರದ ಒಂದು ಮಾತನ್ನ ಆವತ್ತು ಕೇಳಿದೆ. "ಒಂದು ಸೀರೆಗೆ ಎಷ್ಟು ಕೊಡ್ತಿದ್ರು ಆಯಿ?" ಅವಳು ನಕ್ಕಳು. "ಸೀರಿ ಲೆಕ್ಕ. ಎಷ್ಟ್ ದಿನಾ ಹಿಡೀತು ಅಂತ ಯಾರ್ ಕೇಳ್ತಿದ್ರು? ಕೊಟ್ಟಷ್ಟು ತಗೊಂಡ್ ಬರೋದು. ಅದ್ರಾಗೂ ಇಲ್ಲಿ ಚೂರು ಬಿಟ್ಟದ, ಅಲ್ಲಿ ಸೊಟ್ಟ ಆಗೇದ ಅಂತ ಮುರಕೊಂಡು ಕೊಡೋರು." ಅಂದ್ರೆ ಅಂಗಡಿಯವರ ಚೌಕಾಸಿ. ನಾನು ಊಟಿಯಲ್ಲಿ ಮಾಡಿ, ಸ್ಟೋರಿ ಹಾಕಿ, ಹೀರೋ ಆದೆನಲ್ಲ, ಅದೇ ಚೌಕಾಸಿ. ನಮ್ಮ ಅಮ್ಮ ಕಸೂತಿ ಯಾಕೆ ಕಲೀಲಿಲ್ಲ ಅನ್ನೋದಕ್ಕೂ ಆವತ್ತು ಉತ್ತರ ಸಿಕ್ತು. ಆಯಿಯೇ ಕಲಿಸಿರಲಿಲ್ಲ. "ಸಾಲಿ ಕಲಿ, ನೌಕರಿ ಮಾಡು" ಅಂದಿದ್ದಳಂತೆ. ನಮ್ಮ ಮನೆಯಲ್ಲಿ ಕಸೂತಿ ಅವಳ ಕೈಗೇ ಮುಗೀತು.

ನಾನು ವಾಪಸ್ ಹೊರಡುವಾಗ ಅವಳು ಕೇಳಿದ್ದು ಒಂದೇ. "ಇದರ ಅಸಲಿದ್ದು ಹ್ಯಾಂಗ ಇರತೈತಿ? ಒಮ್ಮೆ ತಂದು ತೋರಿಸು."

ಹಾಗಾಗಿ ಎರಡನೇ ಸಲ ನೀಲಗಿರಿಗೆ ಹೋದೆ. ಈ ಸಲ ಹೋಗುವ ಮುಂಚೆ ಒಂದಿಷ್ಟು ಓದಿಕೊಂಡು ಹೋದೆ. ಅದನ್ನ ಚುಟುಕಾಗಿ ಹೇಳ್ತೀನಿ.

ತೋಡರು ನೀಲಗಿರಿಯ ಎತ್ತರದ ಹುಲ್ಲುಗಾವಲಿನಲ್ಲಿ ಎಮ್ಮೆ ಸಾಕಿಕೊಂಡು ಬದುಕಿದ ಜನ. ಒಂದೆರಡು ಸಾವಿರ ಜನರಷ್ಟೇ ಇರೋ ಚಿಕ್ಕ ಸಮುದಾಯ. ಅವರ ಹಟ್ಟಿಗೆ ಮಂದ್ ಅಂತಾರೆ. ಅರ್ಧ ಪೀಪಾಯಿ ಕವುಚಿ ಹಾಕಿದ ಹಾಗಿರೋ ಅವರ ಗುಡಿಸಲನ್ನ ನೀವು ಫೋಟೋದಲ್ಲಿ ನೋಡಿರ್ತೀರಿ. ಈಗ ಹೆಚ್ಚಿನವರು ಇರೋದು ಮಾಮೂಲಿ ಸಿಮೆಂಟ್ ಮನೆಗಳಲ್ಲೇ. ಬೆಟ್ಟದ ಮೇಲೆ ಒಂದು ಕಾಲಕ್ಕೆ ಕೆಲಸ ಹಂಚಿಕೆ ಆಗಿತ್ತು. ತೋಡರಿಂದ ಹಾಲು, ತುಪ್ಪ. ಕೋತರಿಂದ ಮಡಕೆ, ಕಬ್ಬಿಣದ ಸಾಮಾನು, ಸಂಗೀತ. ಬಡಗರಿಂದ ಧಾನ್ಯ. ಕುರುಂಬರಿಂದ ಜೇನು ಮತ್ತು ಕಾಡಿನ ಉತ್ಪನ್ನ. ಒಬ್ಬರದ್ದು ಇನ್ನೊಬ್ಬರಿಗೆ ಹೋಗ್ತಿತ್ತು. ಅಲ್ಲಿ ಅಂಗಡಿ ಇರಲಿಲ್ಲ, ಎಂಆರ್‌ಪಿ ಇರಲಿಲ್ಲ.

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟ ಹತ್ತಿದ. ಆಮೇಲೆ ಬ್ರಿಟಿಷರ ಗಿರಿಧಾಮ ಬಂತು, ಟೀ ತೋಟ ಬಂತು, ನೀಲಗಿರಿ ಮರ, ವಾಟಲ್ ಮರದ ನೆಡುತೋಪು ಬಂತು. ಹುಲ್ಲುಗಾವಲು ಕುಗ್ಗಿತು, ಎಮ್ಮೆಯೂ ಕಡಿಮೆ ಆಯ್ತು. ಹೀಗೆ ಬದುಕು ಬದಲಾದಾಗ ಕೈಗೆ ಒಂದಿಷ್ಟು ಕಾಸು ತರೋ ದಾರಿಗಳಲ್ಲಿ ಒಂದಾಗಿದ್ದು ಹೆಂಗಸರ ಈ ಕಸೂತಿ. ಮೊದಲು ಇದು ಮಾರೋ ವಸ್ತು ಅಲ್ಲ. ಮನೆಯವರು ಹೊದೆಯೋ ದೊಡ್ಡ ಹೊದಿಕೆ ಅದು, ಪುತ್ಕುಳಿ ಅಂತಾರೆ. ಗಂಡಸರು, ಹೆಂಗಸರು ಇಬ್ಬರೂ ಹೊದೀತಾರೆ. ಶುಭ ಕಾರ್ಯಕ್ಕೂ ಅದೇ. ತೀರಿಕೊಂಡವರಿಗೆ ಕೊನೆಗೆ ಸುತ್ತೋದೂ ಪುತ್ಕುಳಿಯನ್ನೇ. ನಾನು 500ಕ್ಕೆ ಕೊಡಿ ಅಂತ ಕೇಳ್ತಿದ್ದ ವಿನ್ಯಾಸ ಅದು.

ಈಗ ಆ ಎರಡನೇ ಟ್ರಿಪ್ಪಿಗೆ ಬರ್ತೀನಿ. ಕೈಕಸುಬಿನ ಸಾಮಾನು ಮಾರೋ ಒಂದು ಅಂಗಡಿಯಲ್ಲಿ ವಿಚಾರಿಸಿದೆ, ಕೆಲಸ ಮಾಡೋದನ್ನ ನೋಡಬಹುದಾ ಅಂತ. ಅವರು ಫೋನ್ ಮಾಡಿ ಕೇಳಿದರು. ಬರಲಿ ಅಂದ ಮೇಲೆಯೇ ಕಳಿಸಿದರು. ಟ್ಯಾಕ್ಸಿ ಓಡಿಸಿದ ಅಣ್ಣ ಬಡಗರು. ಅವರ ಬಡಗ ಮಾತು ನನ್ನ ಧಾರವಾಡ ಕನ್ನಡಕ್ಕೆ ಅರ್ಧಕ್ಕರ್ಧ ಸಿಕ್ತು. ನಮ್ಮನ್ನ ಬರಮಾಡಿಕೊಂಡ ಅಕ್ಕ ಮಾತಾಡಿದ್ದು ತಮಿಳಲ್ಲಿ. ಡ್ರೈವರ್ ಅಣ್ಣನೇ ಮಧ್ಯೆ ನಿಂತು ದಾಟಿಸಿದರು.

ಅಕ್ಕ ಮನೆ ಮುಂದೆ ಬಿಸಿಲಿಗೆ ಕೂತು ಕೆಲಸ ಮಾಡ್ತಿದ್ದರು. ನಾನು ಒಂದು ಗಂಟೆ ಪಕ್ಕದಲ್ಲೇ ಕೂತೆ. ಎಂಬ್ರಾಯ್ಡರಿ ಅಂದ್ರೆ ಮರದ ರಿಂಗ್ ಇರುತ್ತೆ ಅಂದ್ಕೊಂಡಿದ್ದೆ. ರಿಂಗ್ ಇಲ್ಲ, ಫ್ರೇಮ್ ಇಲ್ಲ. ಬಟ್ಟೆ ಮೇಲೆ ಒಂದು ಗೆರೆಯೂ ಇಲ್ಲ, ಎದುರಿಗೆ ಡಿಸೈನ್ ಪುಸ್ತಕವೂ ಇಲ್ಲ. ಸ್ವಲ್ಪ ಒರಟಾದ, ಹಾಲಿಗಿಂತ ಒಂಚೂರು ಮಾಸಲು ಬಿಳಿಯ ಹತ್ತಿ ಬಟ್ಟೆ. ಬಟ್ಟೆಯನ್ನ ತೋಡರು ನೇಯಲ್ಲ, ಅದು ಕೆಳಗಿನ ಬಯಲು ನಾಡಿಂದ ಬರುತ್ತೆ. ಅದರಲ್ಲೇ ಕೆಂಪು, ಕಪ್ಪು ಪಟ್ಟೆ ನೇಯ್ದಿರುತ್ತಾರೆ. ಆ ಪಟ್ಟೆಗಳ ನಡುವಿನ ಜಾಗದಲ್ಲಿ ಕಸೂತಿ. ಸೂಜಿ ಬಟ್ಟೆಯ ಎಳೆಗಳ ಕೆಳಗೆ ನುಸುಳಿ, ಮೇಲೆ ಬಂದು, ಮತ್ತೆ ಕೆಳಗೆ ಹೋಗುತ್ತೆ. ಎಷ್ಟು ಎಳೆ ಬಿಡಬೇಕು, ಎಷ್ಟು ಎತ್ತಬೇಕು ಅನ್ನೋ ಲೆಕ್ಕವೇ ಡಿಸೈನು. ತಕ್ಷಣ ನನಗೆ ಆಯಿಯ ನೇಯ್ಗೆ ಹೊಲಿಗೆ ನೆನಪಾಯ್ತು. ಅದೇ ಲೆಕ್ಕ, ಅದೇ ತಲೆ ಬಗ್ಗಿಸಿ ಕೂರೋ ಭಂಗಿ.

ಮಜಾ ಏನು ಗೊತ್ತಾ? ಅವರು ಕೆಲಸ ಮಾಡೋದೇ ಬಟ್ಟೆಯ ಹಿಂಬದಿಯಿಂದ. ದಾರವನ್ನ ತೀರಾ ಬಿಗಿಯಾಗಿ ಎಳೆಯಲ್ಲ. ಬೇಕಂತಲೇ ಚೂರು ಸಡಿಲ ಬಿಟ್ಟು, ಅಲ್ಲಲ್ಲಿ ಸಣ್ಣ ಕುಚ್ಚು ಉಬ್ಬೋ ಹಾಗೆ ಮಾಡ್ತಾರೆ. ಅದರಿಂದಲೇ ಮುಟ್ಟಿದಾಗ ಬಟ್ಟೆ ದಪ್ಪ ಅನ್ನಿಸೋದು. ನಮಗೆ ನುಣುಪಾದ ಕಡೆ ಚೆಂದ ಕಾಣುತ್ತೆ. ತೋಡರು ಆ ಉಬ್ಬು ಉಬ್ಬಾದ ಒರಟು ಬದಿಯನ್ನೇ ಸರಿಯಾದ ಬದಿ ಅಂತಾರೆ.

ಆ ಒಂದು ಗಂಟೆಯಲ್ಲಿ ಕೆಲಸ ಎಷ್ಟು ಮುಂದೆ ಹೋಯ್ತು ಅಂದ್ರೆ, ಎರಡು ಬೆರಳಗಲ. ಅಷ್ಟೇ.

ಮುಗಿದಿದ್ದ ಒಂದು ಸ್ಟೋಲ್ ತೋರಿಸಿದರು. 3,500 ಅಂದ್ರು. ಇಷ್ಟೆಲ್ಲ ನೋಡಿದ ಮೇಲೂ ನನ್ನ ಬಾಯಿಂದ ಬಂದ ಮೊದಲ ಮಾತು ಏನಿರಬಹುದು ಹೇಳಿ? "ಅಕ್ಕಾ, ಮೂರು ಸಾವಿರಕ್ಕೆ ಆಗಲ್ವಾ?" ಅಭ್ಯಾಸ ನೋಡಿ, ಹೇಗೆ ಬಂದುಬಿಡುತ್ತೆ. ಅಣ್ಣ ಅದನ್ನ ತಮಿಳಿಗೆ ದಾಟಿಸುವಾಗ ನನಗೇ ನಾಚಿಕೆ ಆಯ್ತು, ಆದರೆ ಮಾತು ಹೊರಟು ಹೋಗಿತ್ತು.

ಅಕ್ಕ ಸಿಟ್ಟಾಗಲಿಲ್ಲ. ಒಳಗೆ ಹೋಗಿ ಒಂದು ಚಿಕ್ಕ ಪರ್ಸ್ ತಂದು ಎದುರಿಗಿಟ್ಟರು. "ದುಡ್ಡು ಕಡಿಮೆ ಇದ್ರೆ ಇದನ್ನ ತಗೋ" ಅಂದ್ರು. ಶಾಲಿನ ಬೆಲೆ ಮಾತ್ರ ಇಳಿಸಲಿಲ್ಲ.

ಆಮೇಲೆ ನಾನು ಫೋನಲ್ಲಿ ಕ್ಯಾಲ್ಕ್ಯುಲೇಟರ್ ತೆಗೆದೆ. ನೀವೂ ನನ್ನ ಜೊತೆ ಲೆಕ್ಕ ಹಾಕಿ. ಆ ಸ್ಟೋಲಿಗೆ ಎಷ್ಟು ದಿನ ಹಿಡೀತು ಅಂತ ಕೇಳಿದೆ. ಮನೆ ಕೆಲಸ ಮುಗಿಸಿ ದಿನಕ್ಕೆ ನಾಲ್ಕು ಗಂಟೆ ಕೂತ್ರೆ 20 ದಿನ ಅಂದ್ರು. ಅಂದ್ರೆ 80 ಗಂಟೆ. ಬಟ್ಟೆಗೆ, ದಾರಕ್ಕೆ 600 ರೂಪಾಯಿ ಅವರ ಕೈಯಿಂದ ಹೋಗಿದೆ. 3,500ರಲ್ಲಿ 600 ಕಳೆದರೆ 2,900. ಅದನ್ನ 80ರಿಂದ ಭಾಗಿಸಿ. ಗಂಟೆಗೆ 36 ರೂಪಾಯಿ ಚಿಲ್ಲರೆ. ನಾನು ಕೇಳಿದ 500 ರೂಪಾಯಿ ಡಿಸ್ಕೌಂಟ್ ಅಂದ್ರೆ ಸುಮಾರು 14 ಗಂಟೆ. ಮೂರೂವರೆ ದಿನ ಆ ಅಕ್ಕ ನನಗೆ ಪುಕ್ಕಟೆ ದುಡಿಯಬೇಕು ಅಂತ ನಾನು ನಗುನಗುತ್ತಾ ಕೇಳಿದ್ದು.

ಬೆಂಗಳೂರಲ್ಲಿ ನಾವು ಒಂದು ಕಾಫಿಗೆ 250 ರೂಪಾಯಿ ಕೊಡ್ತೀವಿ. ಅಲ್ಲಿ ಯಾರೂ "200ಕ್ಕೆ ಕೊಡಿ" ಅನ್ನಲ್ಲ. ಬೋರ್ಡ್ ಮೇಲೆ ಬರೆದಿದ್ದನ್ನ ಒಪ್ಕೋತೀವಿ. ಕೈಯಲ್ಲಿ ಮಾಡಿದ್ದು ಕಂಡ ತಕ್ಷಣ ಮಾತ್ರ ಯಾಕೆ ನಮಗೆ ಚೌಕಾಸಿ ನೆನಪಾಗುತ್ತೆ? ನನಗನ್ನಿಸೋದು, ಎದುರಿಗೆ ಕೂತಿರೋ ಮನುಷ್ಯರು ಬಗ್ಗಬಹುದು ಅಂತ ನಮಗೆ ಗೊತ್ತು. ಅದಕ್ಕೇ.

ಅಕ್ಕನ ತಂಗಿಯ ಮಗಳು ಅಲ್ಲೇ ಇದ್ದಳು. ಕಾಲೇಜು ಓದ್ತಿದ್ದಾಳೆ, ಇಂಗ್ಲಿಷ್ ಬರುತ್ತೆ. ನಿನಗೂ ಕಸೂತಿ ಬರುತ್ತಾ ಅಂದೆ. ಬರುತ್ತೆ, ರಜೆಯಲ್ಲಿ ಹಾಕ್ತೀನಿ ಅಂದಳು. ಮುಂದೆ ಇದನ್ನೇ ಮಾಡ್ತೀಯಾ ಅಂದೆ. "ಇದೊಂದರಲ್ಲೇ ಜೀವನ ಆಗಲ್ಲ ಅಲ್ವಾ?" ಅಂತ ನನ್ನನ್ನೇ ಕೇಳಿದಳು. ನಮ್ಮ ಆಯಿ ನಮ್ಮ ಅಮ್ಮನಿಗೆ ಹೇಳಿದ್ದೂ ಅದೇ ಅರ್ಥದ ಮಾತು.

ನಾನು 3,500 ಕೊಟ್ಟು ಸ್ಟೋಲ್ ತಗೊಂಡೆ. ಆ ಚಿಕ್ಕ ಪರ್ಸನ್ನೂ ತಗೊಂಡೆ.

ಸರಿ, ಈಗ ನೀವು ಮುಂದಿನ ಸಲ ಊಟಿ, ಕೂನೂರು, ಕೋಟಗಿರಿ ಕಡೆ ಹೋದಾಗ ಏನು ಮಾಡಬಹುದು? ನಾನು ಪೆಟ್ಟು ತಿಂದು ಕಲಿತಿದ್ದನ್ನ ಹೇಳ್ತೀನಿ. ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

ಒಂದು, ತಿರುವಿ ನೋಡಿ. ಕೈಕೆಲಸ ಆಗಿದ್ರೆ ಹಿಂದೆಯೂ ಅದೇ ಕೆಂಪು, ಅದೇ ಕಪ್ಪು ದಾರ ಇರುತ್ತೆ. ಒಂದು ಬದಿಯಲ್ಲಿ ದಾರ ಎಲ್ಲಿ ಕಾಣುತ್ತೋ, ಇನ್ನೊಂದು ಬದಿಯಲ್ಲಿ ಅಲ್ಲಿ ಬಟ್ಟೆ ಕಾಣುತ್ತೆ. ಫೋಟೋದ ನೆಗೆಟಿವ್ ಇದ್ದ ಹಾಗೆ. ಹಿಂದೆ ಬರೀ ಬಿಳಿ ದಾರ, ಅಂಟಿದ ಪೇಪರ್ ಇದ್ರೆ ಮಷೀನು. ಹಿಂದೆ ಏನೂ ಇಲ್ಲ, ಬಣ್ಣ ಮಾತ್ರ ಮಂಕಾಗಿ ಇಳಿದಿದೆ ಅಂದ್ರೆ ಅದು ಪ್ರಿಂಟು.

ಎರಡು, ಒಂದೇ ಥರದ್ದು ಎರಡು ಶಾಲು ಕೇಳಿ, ಅಕ್ಕಪಕ್ಕ ಇಡಿ. ಕೈಯಲ್ಲಿ ಮಾಡಿದ ಎರಡು ಶಾಲು ಎಳೆ ಎಳೆಯೂ ಒಂದೇ ಥರ ಇರೋದು ಕಷ್ಟ. ಎಲ್ಲೋ ಒಂದು ಕಡೆ ಕೈ ಚೂರು ಸಡಿಲ ಆಗಿರುತ್ತೆ. ಅದನ್ನ ದೋಷ ಅಂತ ತೋರಿಸಿ ದುಡ್ಡು ಕಡಿಮೆ ಮಾಡಿಸಬೇಡಿ. ಕೈಯಲ್ಲೇ ಮಾಡಿದ್ದು ಅನ್ನೋದಕ್ಕೆ ಅದೇ ಗುರುತು.

ಮೂರು, ಜಿಐ ಬಗ್ಗೆ ಕೇಳಿ. ಜಿಯಾಗ್ರಫಿಕಲ್ ಇಂಡಿಕೇಷನ್, ಅಂದ್ರೆ ಇಂಥ ಊರಿನ, ಇಂಥ ಕಡೆಯ ಉತ್ಪನ್ನ ಅನ್ನೋ ಕಾನೂನಿನ ಗುರುತು. ನಮ್ಮ ಮೈಸೂರು ರೇಷ್ಮೆ, ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ, ಕಸೂತಿ, ಎಲ್ಲಕ್ಕೂ ಇದೆ. ತೋಡ ಕಸೂತಿಗೆ 2013ರಲ್ಲಿ ಸಿಕ್ತು. ತೋಡರ ಸಂಘ, ಕೋಟಗಿರಿಯ ಕೀಸ್ಟೋನ್ ಫೌಂಡೇಷನ್, ತಮಿಳುನಾಡು ಸರ್ಕಾರದ ಪೂಂಪುಹಾರ್ ಸೇರಿ ಅರ್ಜಿ ಹಾಕಿದ್ವು. ಆದರೆ ಜಿಐ ಸಿಕ್ಕ ಮಾತ್ರಕ್ಕೆ ನಕಲಿ ಮಾಯ ಆಗಲ್ಲ. ನಾನು 650 ಕೊಟ್ಟು ಮನೆಗೆ ತಂದಿದ್ದೇ ಅದಕ್ಕೆ ಸಾಕ್ಷಿ.

ನಾಲ್ಕು, ಯಾರು ಮಾಡಿದ್ದು ಅಂತ ಕೇಳಿ. ಯಾವ ಊರಿನವರು, ಯಾವ ಗುಂಪಿನವರು, ಅವರಿಗೆ ಎಷ್ಟು ಹೋಗುತ್ತೆ? ಮಾಡಿದವರಿಂದ ನೇರವಾಗಿ ತರಿಸೋ ಅಂಗಡಿಯವರು ಈ ಪ್ರಶ್ನೆಗೆ ಮುಖ ತಿರುಗಿಸಲ್ಲ. ಮಧ್ಯದಲ್ಲಿ ಅಂಗಡಿ ಇದ್ದ ಮಾತ್ರಕ್ಕೆ ಮೋಸ ಅಂತ ಅಲ್ಲ. ಬೆಟ್ಟದ ಮೇಲಿಂದ ನಮ್ಮ ತನಕ ಯಾರಾದರೂ ತರಲೇಬೇಕು, ಅವರ ಖರ್ಚೂ ಇರುತ್ತೆ. ಟ್ರೈಬ್ಸ್ ಇಂಡಿಯಾ, ಪೂಂಪುಹಾರ್ ಮಳಿಗೆಗಳಿವೆ. ಕೀಸ್ಟೋನ್ ಜೊತೆಯಲ್ಲೇ ಬೆಳೆದ ಲಾಸ್ಟ್ ಫಾರೆಸ್ಟ್ ಇದೆ. ಅಲ್ಲೂ ತಿರುವಿ ನೋಡಿ, ಕೇಳಿ. ಯಾರೂ ಬೇಡ ಅನ್ನಲ್ಲ.

ಐದು, ಮಂದ್ ಅಂದ್ರೆ ಪಿಕ್ನಿಕ್ ಸ್ಪಾಟ್ ಅಲ್ಲ. ಅದು ಜನರ ಮನೆ, ಪಕ್ಕದಲ್ಲೇ ಅವರ ಗುಡಿ ಇರುತ್ತೆ. ಹೊರಗಿನವರು ಹತ್ತಿರ ಹೋಗಬಾರದ ಜಾಗಗಳಿರುತ್ತವೆ. ಮೊದಲೇ ಕೇಳದೆ ನುಗ್ಗಬೇಡಿ, ಕೇಳದೆ ವಿಡಿಯೋ ಮಾಡಬೇಡಿ. ಇನ್ನೊಂದು ವಿಷಯ, 2024ರ ಮೇ ತಿಂಗಳಿಂದ ನೀಲಗಿರಿಗೆ ಹೋಗೋ ಪ್ರವಾಸಿಗರ ಗಾಡಿಗೆ ಇ-ಪಾಸ್ ನಿಯಮ ಬಂದಿದೆ. ಹೊರಡೋ ಮುಂಚೆ ನೋಡ್ಕೊಳ್ಳಿ.

ಆರು, ಬಜೆಟ್ ಇಲ್ಲ ಅಂದ್ರೆ ಚಿಕ್ಕದು ತಗೊಳ್ಳಿ. ಇದು ಆ ಅಕ್ಕ ನನಗೆ ಕಲಿಸಿದ್ದು. ದೊಡ್ಡ ಶಾಲನ್ನ ಅರ್ಧ ಬೆಲೆಗೆ ಕೇಳೋದಕ್ಕಿಂತ ಚಿಕ್ಕ ಪರ್ಸನ್ನ ಪೂರ್ತಿ ಬೆಲೆಗೆ ತಗೊಳ್ಳೋದು ಮರ್ಯಾದೆ. ಮಷೀನ್ ಶಾಲೇ ಸಾಕು ಅಂತಿದ್ರೆ ಅದನ್ನೂ ತಗೊಳ್ಳಿ, ಅದರಲ್ಲಿ ತಪ್ಪೇನಿಲ್ಲ, ಚಳಿ ತಡೆಯುತ್ತೆ. ಆದರೆ ಅದನ್ನ ತೋಡ ಕಸೂತಿ ಅಂತ ಕರೆಯೋದು ಬೇಡ. ಅಂಗಡಿಯವರು ಹಾಗೆ ಕರೆದರೆ, ಅಲ್ಲ ಅಂತ ಹೇಳೋ ಧೈರ್ಯ ಇರಲಿ.

ಕೊನೆಗೆ ಆಯಿಯ ಕಥೆ ಮುಗಿಸ್ತೀನಿ. ಸಂಕ್ರಾಂತಿಗೆ ಊರಿಗೆ ಹೋದೆ. ಈ ಸಲ ಏನೂ ಹೇಳಲಿಲ್ಲ. ಸುಮ್ಮನೆ ಸ್ಟೋಲನ್ನ ಅವಳ ತೊಡೆ ಮೇಲೆ ಇಟ್ಟೆ. ತಿರುವಿದಳು. ಮತ್ತೆ ತಿರುವಿದಳು. ಯಾವುದು ಮುಂದು, ಯಾವುದು ಹಿಂದು ಅಂತ ಕೇಳಿದಳು. ಅವರು ಒರಟು ಬದಿಯನ್ನೇ ಮುಂದು ಅಂತಾರೆ ಅಂದೆ. "ಖರೇ ಐತಿ, ಕೆಲಸ ಅಲ್ಲೇ ಕಾಣತೈತಿ" ಅಂದಳು. ಆಮೇಲೆ ಕಿಟಕಿ ಹತ್ತಿರ ಹೋಗಿ ಕೂತಳು. ತೋರುಬೆರಳಿನ ಉಗುರಿಂದ ಎಳೆ ಎಣಿಸೋಕೆ ಶುರು ಮಾಡಿದಳು. ಕಣ್ಣಿಗೆ ಸರಿಯಾಗಿ ಕಾಣಲ್ಲ, ಬೆರಳಲ್ಲೇ ಎಣಿಕೆ. ತುಂಬಾ ಹೊತ್ತು ಮಾತಿಲ್ಲ.

"ಇಲ್ಲಿ ಒಂದು ಎಳಿ ತಪ್ಪ್ಯಾಳ ನೋಡು" ಅಂದಳು. ನಾನು ಗಾಬರಿ ಆದೆ, ಮತ್ತೆ ಮೋಸ ಹೋದೆನಾ ಅಂತ. ಆಯಿ ನಗ್ತಿದ್ದಳು. "ಮುಂದಿನ ಸಾಲಿನಾಗ ಸರಿ ಮಾಡ್ಕೊಂಡಾಳ. ಶ್ಯಾಣ್ಯಾಕಿ ಅದಾಳ."

ಅವಳು ಆ ಅಕ್ಕನನ್ನ ನೋಡಿಲ್ಲ. ಆ ಅಕ್ಕನ ಭಾಷೆ ಇವಳಿಗೆ ಬರಲ್ಲ. ಆದರೂ ಅವತ್ತು ಅವರಿಬ್ಬರೂ ಮಾತಾಡಿಕೊಂಡ ಹಾಗಿತ್ತು.

ಆಮೇಲೆ ಆಯಿ ಎಷ್ಟು ಕೊಟ್ಟಿ ಅಂತ ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೌಕಾಸಿ ಮಾಡ್ಲಿಲ್ಲ ಹೌದಲ್ಲೋ?" ಅಂದಳು. ಮಾಡಿದ್ದೆ ಅನ್ನೋದನ್ನ ಅವಳಿಗೆ ಹೇಳೋಕೆ ಆಗಲಿಲ್ಲ. ನಿಮಗೆ ಹೇಳಿದ್ದೀನಿ.

ಆ ಚಿಕ್ಕ ಪರ್ಸ್ ಈಗಲೂ ನನ್ನ ಬ್ಯಾಗಲ್ಲಿದೆ. ಮೆಟ್ರೋ ಕಾರ್ಡ್ ಇಟ್ಕೋತೀನಿ. ಅದನ್ನ ತೆಗೆದಾಗಲೆಲ್ಲ ಒಂದು ಸಲ ಹಿಂದೆ ತಿರುವಿ ನೋಡ್ತೀನಿ.

ನಿಮ್ಮ ಮನೆಯಲ್ಲೂ ಕಸೂತಿ, ಕೌದಿ, ಚಾಪೆ, ಬುಟ್ಟಿ, ಹೀಗೆ ಕೈಯಲ್ಲಿ ಏನಾದರೂ ಮಾಡ್ತಿದ್ದ ಅಜ್ಜಿಯೋ ಅಜ್ಜನೋ ಇದ್ರೆ, ಈ ವಾರ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಅದಕ್ಕೆ ಎಷ್ಟು ದಿನ ಹಿಡೀತಿತ್ತು, ಎಷ್ಟು ಕೊಡ್ತಿದ್ರು? ಅವರು ಹೇಳಿದ್ದನ್ನ ವಾಯ್ಸ್ ನೋಟ್ ಮಾಡಿ ನಮಗೂ ಕಳಿಸಿ.